ನೂರಕ್ಕೆ ನೂರು, ಆದರೆ ಎಷ್ಟು ಮಕ್ಕಳಿಗೆ? ತಾಲ್ಲೂಕಿನ ಸರ್ಕಾರಿ ಶಾಲೆಗಳನ್ನು ಹೋಲಿಸುವ ಲೆಕ್ಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೆಯ ದಿನ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಸುತ್ತ ಫ್ಲೆಕ್ಸ್‌ಗಳು ಏಳುತ್ತವೆ. ‘ಶೇ 100 ಫಲಿತಾಂಶ’ ಎಂದು ದಪ್ಪ ಅಕ್ಷರ, ಕೆಳಗೆ ಹಾರ ಹಾಕಿದ ಮಕ್ಕಳ ಫೋಟೊ. ಪರೀಕ್ಷೆಗೆ ಕೂತವರು ಎಷ್ಟು ಮಂದಿ ಎಂಬುದು ಮಾತ್ರ ಯಾವ ಫ್ಲೆಕ್ಸ್‌ನಲ್ಲೂ ಇರುವುದಿಲ್ಲ. ಹಳ್ಳಿಗಾಡಿನ ತಾಲ್ಲೂಕಿನಲ್ಲಿ ಶಾಲೆಗಳನ್ನು ಹೋಲಿಸಲು ಹೊರಟವರು ಮೊದಲು ಕೇಳಬೇಕಾದ್ದು ಅದನ್ನೇ. ಶೇಕಡಾವಾರಿನ ಕೆಳಗೆ ಕೂತಿರುವ ಸಂಖ್ಯೆ, ಅಂದರೆ ಛೇದ, ಕೈಗೆ ಸಿಕ್ಕರೆ ಅರ್ಧ ಹೋಲಿಕೆ ಮುಗಿದಂತೆ.

ಮಗುವನ್ನು ಎಲ್ಲಿಗೆ ಸೇರಿಸುವುದು ಎಂದು ಯೋಚಿಸುವ ತಂದೆತಾಯಿಗೆ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಿಗೆ, ಶಾಲೆಗೆ ದೇಣಿಗೆ ಕೊಡಲು ಬಯಸುವ ಹಳೇ ವಿದ್ಯಾರ್ಥಿಗಳಿಗೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವರಿಗೆ ಈ ಲೆಕ್ಕಗಳು ಬೇಕಾಗುತ್ತವೆ. ಹತ್ತನೆಯ ತರಗತಿಯ ಗಣಿತ ಬಂದರೆ ಸಾಕು.

ಒಂದೇ ಜಾತಿಯ ಶಾಲೆಗಳೇ?

‘ಸರ್ಕಾರಿ ಶಾಲೆ’ ಎಂಬ ಒಂದೇ ಹೆಸರಿನಡಿ ತಾಲ್ಲೂಕಿನಲ್ಲಿ ಬೇರೆ ಬೇರೆ ಬಗೆಯ ಶಾಲೆಗಳಿರುತ್ತವೆ. 1ರಿಂದ 5ರವರೆಗಿನ ಕಿರಿಯ ಪ್ರಾಥಮಿಕ, 7 ಅಥವಾ 8ರವರೆಗಿನ ಹಿರಿಯ ಪ್ರಾಥಮಿಕ, 8ರಿಂದ 10ರ ಪ್ರೌಢಶಾಲೆ, ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಆವರಣದಲ್ಲಿ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆ ಅಂದರೆ ಕೆಪಿಎಸ್. ಇವುಗಳ ಜೊತೆಗೆ ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಜಿಲ್ಲೆಗೊಂದರಂತೆ ನವೋದಯ.

ಈ ಕೊನೆಯ ಗುಂಪನ್ನು ಉಳಿದವುಗಳ ಪಟ್ಟಿಯಲ್ಲಿ ಸೇರಿಸಬಾರದು. ಇವುಗಳಿಗೆ 6ನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆದು ಹೋಗಬೇಕು. ತಾಲ್ಲೂಕಿನ ಐದನೇ ತರಗತಿಗಳಲ್ಲಿ ಓದಿನಲ್ಲಿ ಮುಂದಿರುವ ಮಕ್ಕಳು, ಅರ್ಜಿ ಹಾಕಿಸುವಷ್ಟು ಎಚ್ಚರವಿರುವ ಮನೆಗಳ ಮಕ್ಕಳು, ಅಲ್ಲಿಗೆ ಹೋಗುತ್ತಾರೆ. ಅಲ್ಲಿನ ಶೇ 100ರಲ್ಲಿ ಒಂದು ಪಾಲು ಆಯ್ಕೆಯ ದಿನವೇ ಬಂದದ್ದು. ಅದರ ಇನ್ನೊಂದು ಮುಖವನ್ನು ಕಡಿಮೆ ಜನ ಗಮನಿಸುತ್ತಾರೆ: ಐದನೇ ತರಗತಿಯ ಮೂವರು ಜಾಣ ಮಕ್ಕಳನ್ನು ವಸತಿ ಶಾಲೆಗೆ ಕಳಿಸಿದ ಹಳ್ಳಿ ಶಾಲೆಯ ಆರನೇ ತರಗತಿ ಮರುವರ್ಷ ಮಂಕಾಗಿ ಕಾಣುತ್ತದೆ. ಒಳ್ಳೆಯ ಕೆಲಸ ಮಾಡಿದ್ದಕ್ಕೆ ಆ ಶಾಲೆಯ ಅಂಕಿಅಂಶ ಕೆಡುತ್ತದೆ. ಆದ್ದರಿಂದ ಹಿರಿಯ ಪ್ರಾಥಮಿಕ ಶಾಲೆಯ ಲೆಕ್ಕದಲ್ಲಿ ‘ಪ್ರವೇಶ ಪರೀಕ್ಷೆ ಬರೆದು ಹೋದವರು ಎಷ್ಟು’ ಎಂಬ ಒಂದು ಸಾಲನ್ನೂ ಬರೆದುಕೊಳ್ಳಿ. ನವೋದಯದ್ದು ಸಿಬಿಎಸ್‌ಇ ಪಠ್ಯಕ್ರಮವಾದ್ದರಿಂದ ಎಸ್ಸೆಸ್ಸೆಲ್ಸಿ ಲೆಕ್ಕಕ್ಕೇ ಅದು ಬರುವುದಿಲ್ಲ.

ಇನ್ನೊಂದು ಗೊಂದಲ ಗಡಿಯದು. ಫಲಿತಾಂಶದ ಪಟ್ಟಿಯಲ್ಲಿ ‘ಜಿಲ್ಲೆ’ ಎಂದರೆ ಶೈಕ್ಷಣಿಕ ಜಿಲ್ಲೆ. ಬೆಳಗಾವಿ ಮತ್ತು ಚಿಕ್ಕೋಡಿ, ತುಮಕೂರು ಮತ್ತು ಮಧುಗಿರಿ, ಕಾರವಾರ ಮತ್ತು ಶಿರಸಿ ಅಲ್ಲಿ ಬೇರೆ ಬೇರೆ. ಹೊಸದಾಗಿ ಘೋಷಣೆಯಾದ ಎಷ್ಟೋ ತಾಲ್ಲೂಕುಗಳ ಶಾಲೆಗಳು ಇನ್ನೂ ಹಳೆಯ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಕಚೇರಿಯ, ಅಂದರೆ ಹಳೆಯ ಬ್ಲಾಕ್‌ನ, ಕೆಳಗೇ ಇವೆ. ನಿಮ್ಮ ಶಾಲೆಯನ್ನು ತಾಲ್ಲೂಕಿನ ಸರಾಸರಿಗೆ ಹೋಲಿಸುವಾಗ ಅದು ಯಾವ ಬ್ಲಾಕ್‌ನ ಸರಾಸರಿ ಎಂದು ನೋಡಿಕೊಳ್ಳಿ.

ಒಂಬತ್ತು ಮಕ್ಕಳ ಶಾಲೆ, ಅರವತ್ತು ಮಕ್ಕಳ ಶಾಲೆ

ಲೆಕ್ಕಕ್ಕಾಗಿ ಎರಡು ಪ್ರೌಢಶಾಲೆಗಳನ್ನು ಕಲ್ಪಿಸಿಕೊಳ್ಳೋಣ. ಒಂದು ಗುಡ್ಡದ ಬುಡದಲ್ಲಿದೆ, ಹತ್ತನೇ ತರಗತಿಯಲ್ಲಿ ಹೆಚ್ಚೆಂದರೆ ಹತ್ತು ಹನ್ನೊಂದು ಮಕ್ಕಳು. ಇನ್ನೊಂದು ಸಂತೆಪೇಟೆಯಲ್ಲಿದೆ, ಅರವತ್ತರ ಮೇಲೆ ಮಕ್ಕಳು. ಐದು ವರ್ಷದ ಫಲಿತಾಂಶ ಹೀಗಿದೆ ಎಂದುಕೊಳ್ಳಿ.

ಗುಡ್ಡದ ಶಾಲೆ: 9ರಲ್ಲಿ 9, 9ರಲ್ಲಿ 7, 11ರಲ್ಲಿ 8, 10ರಲ್ಲಿ 10, 8ರಲ್ಲಿ 6.
ಸಂತೆಪೇಟೆ ಶಾಲೆ: 64ರಲ್ಲಿ 54, 62ರಲ್ಲಿ 55, 66ರಲ್ಲಿ 57, 60ರಲ್ಲಿ 52, 63ರಲ್ಲಿ 54.

ಶೇಕಡಾವಾರಿಗೆ ತಂದರೆ ಗುಡ್ಡದ ಶಾಲೆಯದು 100, 77.8, 72.7, 100, 75. ಸಂತೆಪೇಟೆಯದು 84.4, 88.7, 86.4, 86.7, 85.7. ಮೊದಲ ವರ್ಷ ಗುಡ್ಡದ ಶಾಲೆ ‘ತಾಲ್ಲೂಕಿಗೆ ಪ್ರಥಮ’. ಎರಡು ವರ್ಷ ಕಳೆದರೆ ಅದೇ ಶಾಲೆಯ ಹೆಡ್‌ಮಾಸ್ಟರಿಗೆ ನೋಟಿಸು. ನಾಲ್ಕನೇ ವರ್ಷ ಮತ್ತೆ ಹಾರ. ಈ ನಡುವೆ ಆ ಶಾಲೆಯಲ್ಲಿ ಬದಲಾದದ್ದು ಏನೂ ಇಲ್ಲದೆ ಇರಬಹುದು. ಹನ್ನೊಂದು ಮಕ್ಕಳಲ್ಲಿ ಒಬ್ಬರಿಗೆ ಜ್ವರ ಬಂದರೆ ಶೇ 9 ಕುಸಿಯುತ್ತದೆ. ಅರವತ್ತಾರು ಮಕ್ಕಳಲ್ಲಿ ಒಬ್ಬರಿಗೆ ಬಂದರೆ ಒಂದೂವರೆ.

ಈಗ ಐದೂ ವರ್ಷದ ಮಕ್ಕಳನ್ನು ಕೂಡಿಸಿ. ಗುಡ್ಡದ ಶಾಲೆಯಲ್ಲಿ 47 ಮಕ್ಕಳಲ್ಲಿ 40 ಪಾಸು, ಶೇ 85.1. ಸಂತೆಪೇಟೆಯಲ್ಲಿ 315ರಲ್ಲಿ 272, ಶೇ 86.3. ಎರಡೂ ಶಾಲೆಗಳು ಹೆಚ್ಚೂಕಡಿಮೆ ಒಂದೇ.

ಕೂಡಿಸುವಾಗ ಮಕ್ಕಳ ಸಂಖ್ಯೆಯನ್ನು ಕೂಡಿಸಬೇಕು, ಐದು ಶೇಕಡಾವಾರುಗಳ ಸರಾಸರಿ ತೆಗೆಯಬಾರದು. ವರದಿಗಳಲ್ಲಿ ಈ ತಪ್ಪು ಪದೇ ಪದೇ ಕಾಣುತ್ತದೆ. ಹತ್ತನೇ ತರಗತಿಯಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಯ ಒಂದೇ ವರ್ಷದ ಶೇಕಡಾವಾರನ್ನು ಲೆಕ್ಕಕ್ಕೇ ಹಿಡಿಯದಿರುವುದು ಒಳ್ಳೆಯದು. ಸಣ್ಣ ಶಾಲೆಗಳು ಪಟ್ಟಿಯ ತುದಿಯಲ್ಲೂ ಬುಡದಲ್ಲೂ ತುಂಬಿಕೊಂಡಿರುವುದಕ್ಕೆ ಕಾರಣ ಅವು ಅತಿ ಒಳ್ಳೆಯವೋ ಅತಿ ಕೆಟ್ಟವೋ ಆಗಿರುವುದಲ್ಲ, ಸಣ್ಣವಾಗಿರುವುದು. ಪಟ್ಟಿಯ ಕೊನೆಯ ಹತ್ತು ಶಾಲೆಗಳನ್ನು ‘ಕಳಪೆ’ ಎಂದು ಕರೆದು ವಿಲೀನದ ಮಾತಾಡುವವರು ಮೊದಲ ಹತ್ತನ್ನೂ ಒಮ್ಮೆ ನೋಡಬೇಕು.

ವರ್ಷಗಳೂ ಸಮನಲ್ಲ

2021ರಲ್ಲಿ ಕೋವಿಡ್ ಕಾರಣಕ್ಕೆ ಎರಡೇ ದಿನದ ಬಹುಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆಯಿತು, ಬರೆದವರು ಹೆಚ್ಚೂಕಡಿಮೆ ಎಲ್ಲರೂ ಪಾಸಾದರು. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಆ ವರ್ಷ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಹಾಗಿರುವಾಗ ‘ನಮ್ಮ ಶಾಲೆ ಒಂದೇ ವರ್ಷದಲ್ಲಿ ಹತ್ತು ಪಾಯಿಂಟ್ ಕುಸಿಯಿತು’ ಎಂದರೆ ರಾಜ್ಯದ ಜೊತೆಗೇ ಇಳಿಯಿತು ಎಂದಷ್ಟೇ ಅರ್ಥ.

ಇದಕ್ಕೆ ಸುಲಭ ಉಪಾಯವಿದೆ. ಶಾಲೆಯ ಶೇಕಡಾವಾರಿನಿಂದ ಅದೇ ವರ್ಷದ ತಾಲ್ಲೂಕಿನ ಶೇಕಡಾವಾರನ್ನು ಕಳೆಯಿರಿ. ಶಾಲೆ 78, ತಾಲ್ಲೂಕು 70 ಆದರೆ ಕೂಡು 8. ಮರುವರ್ಷ ಶಾಲೆ 71, ತಾಲ್ಲೂಕು 61 ಆದರೆ ಕೂಡು 10. ಫಲಿತಾಂಶ ಇಳಿದಿದೆ, ಶಾಲೆ ಮೇಲೇರಿದೆ. ಪ್ರತಿ ವರ್ಷದ ಈ ಕೂಡು-ಕಳೆ ಸಂಖ್ಯೆಯನ್ನು ಒಂದು ಸಾಲಿನಲ್ಲಿ ಬರೆದರೆ ಚಿತ್ರ ನಿಚ್ಚಳ.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ: ಪರೀಕ್ಷೆ-1, ಪರೀಕ್ಷೆ-2 ಎಂದು ಕರೆಯುತ್ತಾರೆ. ಒಂದು ಶಾಲೆ ಪರೀಕ್ಷೆ-1ರ ಸಂಖ್ಯೆ ಹೇಳಿ, ಇನ್ನೊಂದು ಮುಂದಿನ ಪರೀಕ್ಷೆಗಳಲ್ಲಿ ಪಾಸಾದವರನ್ನೂ ಸೇರಿಸಿ ಹೇಳಿದರೆ ಹೋಲಿಕೆ ಕೆಟ್ಟಿತು. ಎಲ್ಲರಿಂದಲೂ ಪರೀಕ್ಷೆ-1ರದ್ದನ್ನೇ ಕೇಳಿ. ವಿಷಯವಾರು ಅಂಕ ಸಿಕ್ಕರೆ ಲಿಖಿತ ಪರೀಕ್ಷೆಯ ಅಂಕವನ್ನು ಮಾತ್ರ ನೋಡಿ. ಆಂತರಿಕ ಅಂಕ, ಅಂದರೆ ಪ್ರಥಮ ಭಾಷೆಗೆ 25 ಮತ್ತು ಉಳಿದವಕ್ಕೆ 20, ಶಾಲೆಯೇ ಕೊಡುವಂಥದ್ದು. ಸಾಮಾನ್ಯವಾಗಿ ಎಲ್ಲರಿಗೂ ಧಾರಾಳವಾಗಿ ಸಿಗುವುದರಿಂದ ಶಾಲೆ ಶಾಲೆಗಳ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ.

ಎಂಟರಲ್ಲಿದ್ದವರು ಹತ್ತಕ್ಕೆ ಬಂದರೇ?

ಪ್ರಕಟವಾಗುವ ಶೇಕಡಾವಾರು ಪರೀಕ್ಷೆ ಬರೆದವರದ್ದು. ಬರೆಯದವರು ಆ ಲೆಕ್ಕದಲ್ಲಿಲ್ಲ. ಶೇ 75 ಹಾಜರಿ ಇಲ್ಲವೆಂದು ಉಳಿದವರು, ಒಂಬತ್ತರಲ್ಲೇ ಬಿಟ್ಟವರು, ಮದುವೆಯಾಗಿ ಹೋದ ಹುಡುಗಿಯರು, ಕೂಲಿಗೆ ಊರು ಬಿಟ್ಟವರು ಎಲ್ಲರೂ ಛೇದದಿಂದ ಸದ್ದಿಲ್ಲದೆ ಹೊರಬಿದ್ದಿರುತ್ತಾರೆ.

ಮತ್ತೆ ಎರಡು ಕಲ್ಪಿತ ಶಾಲೆ. ಎರಡರಲ್ಲೂ ಎಂಟನೇ ತರಗತಿಗೆ 40 ಮಕ್ಕಳು ಸೇರಿದರು. ಮೊದಲ ಶಾಲೆಯಿಂದ 4 ಮಕ್ಕಳು ಟಿಸಿ ಪಡೆದು ಬೇರೆ ಶಾಲೆಗೆ ಹೋದರು. ಉಳಿಯಬೇಕಾದ್ದು 36, ಹತ್ತನೇ ತರಗತಿಯ ಪರೀಕ್ಷೆ ಬರೆದವರು 28, ಪಾಸು 26. ಫ್ಲೆಕ್ಸ್‌ನಲ್ಲಿ ಶೇ 92.9. ಎರಡನೆಯದರಲ್ಲಿ ಟಿಸಿ 2; ಉಳಿಯಬೇಕಾದ್ದು 38, ಬರೆದವರು 37, ಪಾಸು 32. ಫ್ಲೆಕ್ಸ್‌ನಲ್ಲಿ ಶೇ 86.5. ಉಳಿಯಬೇಕಾದವರ ಮೇಲೆ ಲೆಕ್ಕ ಹಾಕಿದರೆ ಮೊದಲನೆಯದು ಶೇ 72.2, ಎರಡನೆಯದು ಶೇ 84.2. ಮೊದಲ ಶಾಲೆಯಲ್ಲಿ 8 ಮಕ್ಕಳು ಕಾಣೆ, ಎರಡನೆಯದರಲ್ಲಿ ಒಬ್ಬರು. ಕಷ್ಟದ ಮಕ್ಕಳನ್ನು ಕೊನೆಯವರೆಗೂ ಉಳಿಸಿಕೊಂಡ ಶಾಲೆಗೇ ಪಟ್ಟಿಯಲ್ಲಿ ಕೆಳಗಿನ ಸ್ಥಾನ ಸಿಕ್ಕಿತು.

ಈ ಲೆಕ್ಕ ಹಾಕುವಾಗ ಎರಡು ಕಡೆ ಎಡವುತ್ತಾರೆ. ಟಿಸಿ ಪಡೆದು ಹೋದ ಮಗು ಶಾಲೆ ಬಿಟ್ಟ ಮಗು ಅಲ್ಲ. ಮಕ್ಕಳ ದಾಖಲಾತಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಅದು ಇನ್ನೊಂದು ಶಾಲೆಗೆ ದಾಖಲಾಗಿದೆಯೇ ಎಂದು ಮುಖ್ಯ ಶಿಕ್ಷಕರು ನೋಡಿ ಹೇಳಬಲ್ಲರು. ಹಾಗೆಯೇ ನಡುವೆ ಹೊಸದಾಗಿ ಸೇರಿದವರನ್ನು ಛೇದಕ್ಕೆ ಕೂಡಿಸಬೇಕು. ಸುತ್ತಲಿನ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ 8ನೇ ತರಗತಿ ಇದ್ದರೆ ಆ ಮಕ್ಕಳು ಪ್ರೌಢಶಾಲೆಗೆ ಬರುವುದೇ ಒಂಬತ್ತಕ್ಕೆ; ಅಲ್ಲಿ ಲೆಕ್ಕವನ್ನು ಒಂಬತ್ತರಿಂದಲೇ ಶುರುಮಾಡಿ.

ಮೇಷ್ಟ್ರು ಎಷ್ಟು ಜನ, ಯಾವ ಮೇಷ್ಟ್ರು?

ಒಂದೇ ಒಂದು ವಿಷಯ ವಿಚಾರಿಸಲು ಪುರುಸೊತ್ತಿದ್ದರೆ ಶಿಕ್ಷಕರದ್ದನ್ನು ವಿಚಾರಿಸಿ.

ಸರ್ಕಾರಿ ವರದಿಗಳಲ್ಲಿ ಕಾಣುವುದು ವಿದ್ಯಾರ್ಥಿ-ಶಿಕ್ಷಕ ಅನುಪಾತ. ಹಳ್ಳಿಯ ಪ್ರಾಥಮಿಕ ಶಾಲೆಯ ಮಟ್ಟಿಗೆ ಇದಕ್ಕಿಂತ ಮೋಸದ ಸಂಖ್ಯೆ ಇಲ್ಲ. 22 ಮಕ್ಕಳು, ಇಬ್ಬರು ಶಿಕ್ಷಕರು: ಅನುಪಾತ 11ಕ್ಕೆ 1, ಪೇಟೆಯ ದುಬಾರಿ ಶಾಲೆಯಲ್ಲೂ ಇಷ್ಟಿರದು. ಆದರೆ ತರಗತಿಗಳು ಐದು. ದಿನಕ್ಕೆ ಐದು ಗಂಟೆ ಪಾಠದ ಹೊತ್ತು ಎಂದರೆ ಒಂದು ತರಗತಿಯ ಪಾಲಿಗೆ ಶಿಕ್ಷಕರು ಸಿಗುವುದು ಎರಡು ಗಂಟೆ. ಒಬ್ಬರು ಮೀಟಿಂಗಿಗೆ ಹೋದರೆ ಒಂದು ಗಂಟೆ. ಅದೇ 150 ಮಕ್ಕಳಿಗೆ ಐವರು ಶಿಕ್ಷಕರಿರುವ ಶಾಲೆಯಲ್ಲಿ ಅನುಪಾತ 30ಕ್ಕೆ 1, ಕೇಳಲು ಕೆಟ್ಟದ್ದು. ಆದರೆ ತರಗತಿಗೊಬ್ಬರು ಇಡೀ ದಿನ ಇದ್ದಾರೆ. ಹಾಗಾಗಿ ಪ್ರಾಥಮಿಕಕ್ಕೆ ತರಗತಿಗಳ ಸಂಖ್ಯೆಯನ್ನು ಶಿಕ್ಷಕರ ಸಂಖ್ಯೆಯಿಂದ ಭಾಗಿಸಿ: ಒಬ್ಬರ ತಲೆಗೆ ಎಷ್ಟು ತರಗತಿ ಎಂಬುದೇ ನಿಜವಾದ ಅಳತೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ 1ರಿಂದ 5ನೇ ತರಗತಿಗೆ ಹೇಳುವುದು 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5, ಮಕ್ಕಳು 150 ದಾಟಿದರೆ ಮೇಲೊಬ್ಬ ಮುಖ್ಯ ಶಿಕ್ಷಕರು. ಅಂದರೆ 58 ಮಕ್ಕಳ ಶಾಲೆಯೂ 8 ಮಕ್ಕಳ ಶಾಲೆಯೂ ಕಾಗದದಲ್ಲಿ ಒಂದೇ.

ಕೇಳಬೇಕಾದ್ದು ನಾಲ್ಕು ಸಂಖ್ಯೆ: ಮಂಜೂರಾದ ಹುದ್ದೆ, ಭರ್ತಿಯಾದದ್ದು, ಅವರಲ್ಲಿ ನಿಯೋಜನೆಯ ಮೇಲೆ ಬೇರೆಡೆ ಇರುವವರು, ಅತಿಥಿ ಶಿಕ್ಷಕರು. ಸಂಬಳದ ಪಟ್ಟಿಯಲ್ಲಿ ಈ ಶಾಲೆಯ ಹೆಸರಲ್ಲಿದ್ದು ಕೆಲಸ ಮಾತ್ರ ಇನ್ನೊಂದು ಶಾಲೆಯಲ್ಲೋ ಕಚೇರಿಯಲ್ಲೋ ಇರುವ ಶಿಕ್ಷಕರು ದಾಖಲೆಯಲ್ಲಿ ‘ಇದ್ದಾರೆ’. ತರಗತಿಯಲ್ಲಿ ಇಲ್ಲ. ಮಂಜೂರು 8, ಭರ್ತಿ 6, ನಿಯೋಜನೆ 1, ಪ್ರಭಾರಿ ಮುಖ್ಯ ಶಿಕ್ಷಕರಾಗಿ ಕಾಗದಪತ್ರದಲ್ಲಿ ಮುಳುಗಿದವರು 1 ಎಂದರೆ ಪಾಠಕ್ಕೆ ಸಿಗುವವರು ನಾಲ್ಕೇ.

ಪ್ರೌಢಶಾಲೆಯಲ್ಲಿ ಒಟ್ಟು ಸಂಖ್ಯೆಗಿಂತ ಖಾಲಿ ಕುರ್ಚಿ ಯಾವುದು ಎಂಬುದು ಮುಖ್ಯ. ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜ ವಿಜ್ಞಾನಕ್ಕೆ ಕಲಾ ಶಿಕ್ಷಕರು, ಗಣಿತ-ಭೌತಶಾಸ್ತ್ರಕ್ಕೆ ಪಿಸಿಎಂ (ಭೌತ-ರಸಾಯನ-ಗಣಿತ ಓದಿದವರು), ಜೀವಶಾಸ್ತ್ರಕ್ಕೆ ಸಿಬಿಝೆಡ್ (ರಸಾಯನ-ಸಸ್ಯ-ಪ್ರಾಣಿಶಾಸ್ತ್ರ ಓದಿದವರು), ದೈಹಿಕ ಶಿಕ್ಷಣ. ಪಿಸಿಎಂ ಮೇಷ್ಟ್ರು ಇಲ್ಲದ ಶಾಲೆಯಲ್ಲಿ ಗಣಿತವೂ ಅರ್ಧ ವಿಜ್ಞಾನವೂ ಒಟ್ಟಿಗೆ ಬೀಳುತ್ತವೆ. ಅತಿಥಿ ಶಿಕ್ಷಕರು ಇದ್ದಾರೆ ಎಂದರೆ ‘ಈ ವರ್ಷ ಯಾವ ತಾರೀಖು ಬಂದರು’ ಎಂದು ಕೇಳಿ. ಶಾಲೆ ಮೇ ಕೊನೆಗೆ ತೆರೆದು ಅತಿಥಿ ಶಿಕ್ಷಕರು ಜುಲೈ ನಡುವೆ ಬಂದಿದ್ದರೆ ಏಳು ವಾರದ ಗಣಿತ ಹೋಯಿತು. ಅವರನ್ನು ವರ್ಷ ವರ್ಷವೂ ಹೊಸದಾಗಿ ತೆಗೆದುಕೊಳ್ಳುವುದರಿಂದ ಇದು ಪ್ರತಿ ಜೂನ್‌ನ ಕಥೆ. ಮೂರು ವರ್ಷವೂ ಅದೇ ಅತಿಥಿ ಶಿಕ್ಷಕಿ ಬರುತ್ತಿದ್ದಾರೆ ಎಂದರೆ ಅದು ಒಳ್ಳೆಯ ಲಕ್ಷಣ.

ಚುನಾವಣೆ, ಜನಗಣತಿ, ಸಮೀಕ್ಷೆಗಳು ಶಿಕ್ಷಕರನ್ನು ಹೊರಗೆ ಎಳೆಯುತ್ತವೆ. 2025ರ ಸೆಪ್ಟೆಂಬರ್-ಅಕ್ಟೋಬರ್‌ನ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ ವಿಸ್ತರಿಸಬೇಕಾಯಿತು. ತಾಲ್ಲೂಕಿನ ಸರ್ಕಾರಿ ಶಾಲೆಗಳನ್ನು ತಮ್ಮ ತಮ್ಮಲ್ಲೇ ಹೋಲಿಸುವಾಗ ಇದು ಎಲ್ಲರಿಗೂ ಸಮಾನ ಹೊರೆ, ಬಿಟ್ಟುಬಿಡಿ. ಖಾಸಗಿ ಶಾಲೆಯ ಜೊತೆ ಹೋಲಿಸುವವರು ಮಾತ್ರ ಈ ದಿನಗಳನ್ನು ಮರೆಯಬಾರದು.

ಪ್ರಾಥಮಿಕ ಶಾಲೆ: ಅಂಕವಿಲ್ಲದ ಕಡೆ ಏನು ನೋಡುವುದು

5 ಮತ್ತು 8ನೇ ತರಗತಿಗೆ ಬೋರ್ಡ್ ಮಟ್ಟದ ಪರೀಕ್ಷೆ ನಡೆಸುವ ಪ್ರಯತ್ನ ಕೋರ್ಟ್ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಹೀಗಾಗಿ ಪ್ರಾಥಮಿಕ ಶಾಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಸಾರ್ವಜನಿಕ ಅಂಕಗಳಿಲ್ಲ. ಪತ್ರಿಕೆಗಳಲ್ಲಿ ಬರುವ ‘ಅಸರ್’ ವರದಿ ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ಆರಿಸಿ ಮನೆಗಳಲ್ಲೇ ಮಕ್ಕಳನ್ನು ಓದಿಸಿ ಬರೆದದ್ದು. ಖಾಸಗಿ ಶಾಲೆಯ ಮಕ್ಕಳೂ ಅದರಲ್ಲಿರುತ್ತಾರೆ. ನಿಮ್ಮೂರ ಶಾಲೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದರೆ ಅದರ ವಿಧಾನ ಸರಳ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಲೆಕ್ಕದಲ್ಲಿ ಎರಡಂಕಿ ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಎಸ್‌ಡಿಎಂಸಿಯವರು ಮೇಷ್ಟ್ರ ಒಪ್ಪಿಗೆ ಪಡೆದು ನಾಲ್ಕನೇ ತರಗತಿಯ ಎಲ್ಲ ಮಕ್ಕಳಿಗೂ ಇದನ್ನು ಮಾಡಿಸಬಹುದು. ಎಲ್ಲ ಮಕ್ಕಳಿಗೂ ಎನ್ನುವುದು ಮುಖ್ಯ. ‘ಜಾಣರನ್ನು ಕರೆಯಿರಿ’ ಎಂದರೆ ಪ್ರತಿ ಶಾಲೆಯಲ್ಲೂ ಮೂವರು ಸಿಗುತ್ತಾರೆ.

ಉತ್ತರ ತಪ್ಪಾದರೆ ಹೇಗೆ ತಪ್ಪಿತು ಎಂದು ನೋಡಿ. 52ರಲ್ಲಿ 37 ಕಳೆಯಲು ಕೊಡಿ. ಕೆಲವರು 25 ಬರೆಯುತ್ತಾರೆ. ಎರಡರಲ್ಲಿ ಏಳು ಹೋಗುವುದಿಲ್ಲ ಎಂದು ಏಳರಲ್ಲೇ ಎರಡು ಕಳೆದಿದ್ದಾರೆ. ಒಬ್ಬಿಬ್ಬರು ಹೀಗೆ ಮಾಡಿದರೆ ಆ ಮಕ್ಕಳ ತಪ್ಪು. ಅರ್ಧ ತರಗತಿ 25 ಬರೆದಿದ್ದರೆ ಹತ್ತು ಕಡ್ಡಿಯ ಕಟ್ಟು ಬಿಚ್ಚಿ ಬಿಡಿ ಮಾಡುವ ಕೆಲಸ ಆ ಶಾಲೆಯಲ್ಲಿ ನಡೆದಿಲ್ಲ, ನೇರವಾಗಿ ಬೋರ್ಡಿನ ಮೇಲೆ ‘ಪಕ್ಕದ ಮನೆಯಿಂದ ಸಾಲ’ ಹೇಳಿಕೊಟ್ಟಿದ್ದಾರೆ.

1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತಿರುವುದನ್ನು ಕಂಡು ‘ಇಲ್ಲಿ ಕ್ಲಾಸೇ ಇಲ್ಲ’ ಎಂದು ಹೊರಡುವ ಪೋಷಕರಿದ್ದಾರೆ. ಅದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿ, 2009-10ರಿಂದ ರಾಜ್ಯವಿಡೀ ಹಬ್ಬಿದ ಪದ್ಧತಿ. ಮಗು ತನ್ನ ವೇಗದಲ್ಲಿ ಕಲಿಕಾ ಏಣಿಯ ಮೈಲಿಗಲ್ಲುಗಳನ್ನು ಏರುತ್ತದೆ. ಶಿಕ್ಷಕರ ನೆರವಿನ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ಐದು ಗುಂಪು. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಗೋಡೆಯ ಮೇಲಿನ ‘ಪ್ರಗತಿ ನೋಟ’ ಸಾಕು. ಅದರಲ್ಲಿ ಮಗುವಿಗೊಂದು ಸಾಲು. ಸಾಲುಗಳು ಏರುಪೇರಾಗಿದ್ದರೆ, ಒಬ್ಬಳು ಮುಂದೆ ಒಬ್ಬ ಹಿಂದೆ ಇದ್ದರೆ, ದಿನದಿನವೂ ತುಂಬಿದ್ದಾರೆ. ಎಲ್ಲ ಮಕ್ಕಳೂ ಒಂದೇ ಮೈಲಿಗಲ್ಲಿನಲ್ಲಿ ಸಾಲಾಗಿ ನಿಂತಿದ್ದು, ಗುರುತುಗಳೆಲ್ಲ ಒಂದೇ ಪೆನ್ನಿನ ಒಂದೇ ಬಣ್ಣದವಾಗಿದ್ದರೆ, ಸಿಆರ್‌ಪಿ, ಅಂದರೆ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ, ಬರುತ್ತಾರೆಂದು ಹಿಂದಿನ ಸಂಜೆ ತುಂಬಿದ್ದು. ತಲೆಯ ಮೇಲಿನ ಕಲಿಕಾ ಚಪ್ಪರದ ದಾರದಲ್ಲಿ ತೂಗುವ ಹಾಳೆಗಳನ್ನೂ ನೋಡಿ. ಈ ತಿಂಗಳದ್ದೋ, ಹೋದ ವರ್ಷದ ಧೂಳು ಹಿಡಿದದ್ದೋ?

ನಾಲ್ಕು-ಐದನೇ ತರಗತಿಯಲ್ಲಿ ನೋಟ್‌ಬುಕ್ಕೇ ಸಾಕ್ಷಿ. ಒಂದೇ ತರಗತಿಯ ಮೂರು ಕನ್ನಡ ನೋಟ್‌ಬುಕ್ ತೆಗೆದು ಒಂದೇ ದಿನಾಂಕದ ಪುಟ ಬಿಡಿಸಿ. ಮೂರರಲ್ಲೂ ಅಕ್ಷರಕ್ಕೆ ಅಕ್ಷರ ಅದೇ ಉತ್ತರ, ತಪ್ಪೇ ಇಲ್ಲ, ಕೆಳಗೆ ಕೆಂಪು ಸಹಿ ಇದ್ದರೆ ಬೋರ್ಡಿನಿಂದ ಇಳಿಸಿಕೊಂಡದ್ದು. ವಾಕ್ಯಗಳು ಬೇರೆ ಬೇರೆ, ಒತ್ತಕ್ಷರದ ತಪ್ಪುಗಳಿವೆ, ಅವನ್ನು ತಿದ್ದಿದ್ದಾರೆ, ಮಗು ಮತ್ತೆ ಬರೆದಿದೆ ಎಂದರೆ ಅಲ್ಲಿ ಪಾಠ ನಡೆಯುತ್ತಿದೆ. ಅಂದವಾದ ನೋಟ್‌ಬುಕ್ ಕಂಡು ಮರುಳಾಗುವುದು ಪೋಷಕರು ಸಾಮಾನ್ಯವಾಗಿ ಮಾಡುವ ತಪ್ಪು.

ಕಟ್ಟಡ, ಯುಡೈಸ್, ಬೀಗದ ಕೈ

ಯುಡೈಸ್ ಎಂದರೆ ದೇಶದ ಶಾಲೆಗಳ ಮಾಹಿತಿಯ ಸರ್ಕಾರಿ ದಾಖಲೆ. ಅದರಲ್ಲಿ ಪ್ರತಿ ಶಾಲೆಗೂ 11 ಅಂಕಿಯ ಸಂಖ್ಯೆ ಇದೆ: ಮೊದಲ ಎರಡು ರಾಜ್ಯ (ಕರ್ನಾಟಕಕ್ಕೆ 29), ಮುಂದಿನ ಎರಡು ಜಿಲ್ಲೆ, ಮತ್ತೆರಡು ಬ್ಲಾಕ್, ಮೂರು ಊರು, ಕೊನೆಯ ಎರಡು ಶಾಲೆ. ಯುಡೈಸ್ ಪ್ಲಸ್ ಜಾಲತಾಣದಲ್ಲಿ ಈ ಸಂಖ್ಯೆ ಕೊಟ್ಟರೆ ಶಾಲೆಯ ವರದಿ ಸಿಗುತ್ತದೆ. ಕೊಠಡಿ, ಶೌಚಾಲಯ, ನೀರು, ವಿದ್ಯುತ್, ದಾಖಲಾತಿ ಎಲ್ಲ ಅದರಲ್ಲಿವೆ. ಎರಡು ಮಿತಿ ನೆನಪಿರಲಿ. ಮಾಹಿತಿ ಶಾಲೆಯೇ ತುಂಬಿದ್ದು. ಮತ್ತು ಅದು ಸೆಪ್ಟೆಂಬರ್ 30ರ ಸ್ಥಿತಿ. ನವೆಂಬರಿನಲ್ಲಿ ವರ್ಗವಾಗಿ ಹೋದ ಶಿಕ್ಷಕರು ಅದರಲ್ಲಿ ಇನ್ನೂ ಇರುತ್ತಾರೆ.

‘ಹೆಣ್ಣುಮಕ್ಕಳ ಶೌಚಾಲಯ: ಇದೆ’ ಎಂಬುದರ ಮುಂದೆ ನಿಮ್ಮ ಕಣ್ಣಿನ ವರದಿ ಬರೆದುಕೊಳ್ಳಿ. ಬೀಗ ಇದೆಯೇ, ಕೈ ಯಾರ ಹತ್ತಿರ? ಸ್ಟಾಫ್ ರೂಮಿನ ಮೊಳೆಯಲ್ಲಿ ತೂಗುತ್ತಿದ್ದರೆ ಹುಡುಗಿಯರು ಗಂಡು ಮೇಷ್ಟ್ರನ್ನು ಕೇಳಿ ತರಬೇಕು, ಕೇಳುವುದಿಲ್ಲ. ಒಳಗೆ ನಲ್ಲಿಯೋ ತುಂಬಿದ ಡ್ರಮ್ಮೋ ಇದೆಯೇ, ನೆಲ ಒದ್ದೆಯಾಗಿದೆಯೇ? ಒಣಗಿ ಸುಣ್ಣ ಬಳಿದ ಹೊಳೆಯುವ ಶೌಚಾಲಯ ಬಳಕೆಯಲ್ಲಿಲ್ಲದ್ದು.

ಸಣ್ಣ ಶಾಲೆಯ ಬಣ್ಣ ಮಾಸಿರುವುದಕ್ಕೆ ಮುಖ್ಯ ಶಿಕ್ಷಕರನ್ನು ದೂರುವ ಮೊದಲು ಕೇಂದ್ರದ ‘ಸಮಗ್ರ ಶಿಕ್ಷಣ’ ಯೋಜನೆಯ ಅನುದಾನದ ಮಾನದಂಡ ನೋಡಿ: 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000. ಚಾಕ್‌ಪೀಸ್, ರಿಜಿಸ್ಟರ್, ಹೆಂಚು, ಪೊರಕೆ ಎಲ್ಲ ಇದರಲ್ಲೇ.

ಹಾಜರಿ ನೋಡುವ ತಿಂಗಳು

ದಾಖಲಾತಿ ಒಂದು, ಬರುವ ಮಕ್ಕಳು ಇನ್ನೊಂದು. ಬಿಸಿಯೂಟದ ಪುಸ್ತಕದಲ್ಲಿ ದಿನದಿನದ ಉಂಡವರ ಸಂಖ್ಯೆ ಇರುತ್ತದೆ. ತರಗತಿಯ ಹಾಜರಿ ಪುಸ್ತಕದ ಜೊತೆ ಅದನ್ನು ಇಟ್ಟು ನೋಡಿ. ಜೂನ್ ತಿಂಗಳ ಹಾಜರಿ ಎಲ್ಲೆಡೆ ಚೆನ್ನಾಗಿರುತ್ತದೆ. ರಾಯಚೂರು, ಯಾದಗಿರಿ ಕಡೆ ಹತ್ತಿ ಬಿಡಿಸುವ ನವೆಂಬರ್-ಡಿಸೆಂಬರ್‌ನಲ್ಲಿ, ಮಲೆನಾಡು-ಕೊಡಗಿನಲ್ಲಿ ಕಾಫಿ ಕೊಯ್ಲಿನ ಹೊತ್ತಿನಲ್ಲಿ, ಕಬ್ಬಿನ ಸೀಮೆಯಲ್ಲಿ ಕಟಾವಿನ ತಂಡಗಳು ಹೊರಟಾಗ ಶಾಲೆಯ ನಿಜವಾದ ಹಿಡಿತ ಗೊತ್ತಾಗುತ್ತದೆ. ಆ ತಿಂಗಳುಗಳಲ್ಲಿ ಹಾಜರಿ ಹತ್ತಿಪ್ಪತ್ತು ಪಾಯಿಂಟ್ ಕುಸಿಯದ ಶಾಲೆಯ ಶಿಕ್ಷಕರು ಮನೆಮನೆಗೆ ಹೋಗಿದ್ದಾರೆ ಎಂದೇ ಅರ್ಥ. ಭೇಟಿಗೆ ಹಬ್ಬದ ಮರುದಿನ, ಊರ ಸಂತೆಯ ದಿನ, ಪ್ರತಿಭಾ ಕಾರಂಜಿಯ ದಿನ ಬೇಡ. ಸಾದಾ ಬುಧವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಹೋಗಿ ಸಾಲು ಎಣಿಸಿದರೆ ಸಾಕು.

ಕಾಗದ ಸಿಗದಿದ್ದರೆ

ಬಹುಪಾಲು ಮುಖ್ಯ ಶಿಕ್ಷಕರು ಕೇಳಿದರೆ ಫಲಿತಾಂಶ ವಿಶ್ಲೇಷಣೆಯ ಹಾಳೆ ತೋರಿಸುತ್ತಾರೆ. ಸಿಗದಿದ್ದರೆ ಬಿಇಓ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಶಾಲೆಗಳ ಸಂಪೂರ್ಣ ಮಾಹಿತಿ ಕೊಡಿ’ ಎಂದು ಬರೆದ ಅರ್ಜಿ ತಿರಸ್ಕಾರಕ್ಕೆ ದಾರಿ ಮಾಡಿಕೊಡುತ್ತದೆ. ಹೀಗೆ ಬರೆಯಿರಿ: ‘ತಾಲ್ಲೂಕಿನ ಎಲ್ಲ ಸರ್ಕಾರಿ ಪ್ರೌಢಶಾಲೆಗಳ ಕಳೆದ ಐದು ವರ್ಷಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಶಾಲಾವಾರು ನೋಂದಾಯಿತರು, ಹಾಜರಾದವರು, ಉತ್ತೀರ್ಣರಾದವರ ಸಂಖ್ಯೆ.’ ಮಂಜೂರು-ಭರ್ತಿ-ನಿಯೋಜನೆಯ ಪಟ್ಟಿಗೆ ಇನ್ನೊಂದು ಅರ್ಜಿ. ಶೇಕಡಾವಾರು ಕೇಳಬೇಡಿ, ಸಂಖ್ಯೆ ಕೇಳಿ, ಶೇಕಡಾ ನೀವೇ ತೆಗೆಯಿರಿ.

ಬಸ್ಸು

ಪಟ್ಟಿಯಲ್ಲಿ ಎರಡು ಶಾಲೆಗಳು ಉಳಿದುಕೊಂಡರೆ ತೀರ್ಮಾನ ಬಹಳ ಸಲ ಬಸ್ಸಿನದ್ದೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಚಿಂತೆ ಇಲ್ಲ, ಹುಡುಗರಿಗೆ ವಿದ್ಯಾರ್ಥಿ ಪಾಸು. ಹಾಗಾಗಿ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಪ್ರೌಢಶಾಲೆಯೂ ಈಗ ಆಯ್ಕೆಯೊಳಗಿದೆ. ಆದರೆ ಬಸ್ಸಿನ ವೇಳೆಯನ್ನು ಶಾಲೆಯ ಗಂಟೆಗಲ್ಲ, ವಿಶೇಷ ತರಗತಿಯ ಗಂಟೆಗೆ ಹೊಂದಿಸಿ ನೋಡಿ. ಹತ್ತನೇ ತರಗತಿಯವರಿಗೆ ಬೆಳಿಗ್ಗೆ ಒಂದು ಗಂಟೆ ಮೊದಲು ಅಥವಾ ಸಂಜೆ ಒಂದು ಗಂಟೆ ಹೆಚ್ಚಿಗೆ ಪಾಠ ಇಡುವುದು ವಾಡಿಕೆ. ಮೊದಲ ಬಸ್ಸು ಒಂಬತ್ತೂವರೆಗೆ ತಲುಪಿ ಕೊನೆಯ ಬಸ್ಸು ನಾಲ್ಕೂಮುಕ್ಕಾಲಿಗೆ ಹೊರಟರೆ ದೂರದೂರಿನ ಮಗುವಿಗೆ ಆ ತರಗತಿ ಇಲ್ಲ. ಅಂಥ ಮಕ್ಕಳು ಎಷ್ಟಿದ್ದಾರೆ, ಅವರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಯಾರಾದರೂ ಪಾಠ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ಕಂಡಕ್ಟರಿಗೆ ಫೋನ್ ಮಾಡಿ ಹತ್ತು ನಿಮಿಷ ಬಸ್ಸು ನಿಲ್ಲಿಸಿಕೊಳ್ಳುವ ಮುಖ್ಯ ಶಿಕ್ಷಕರೂ ಇದ್ದಾರೆ. ಅದು ಯಾವ ಜಾಲತಾಣದ ವರದಿಯಲ್ಲೂ ಸಿಗುವುದಿಲ್ಲ, ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಸಿಗುತ್ತದೆ.